ಮೈನರ್ ಬರೆದುಕೊಟ್ಟ ಕಾಗದ

ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಹದಿನಾರರ ಹುಡುಗ ಹತ್ತಿ ಬಿಡಿಸಲು ಕೂಲಿಗೆ ಹೋದರೆ ಕಾನೂನಿನ ಅಡ್ಡಿಯಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದಿತು. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಟ್ಟಿತು. ಆದರೆ ಅದೇ ಹುಡುಗ ಇಷ್ಟು ತಿಂಗಳು ದುಡಿಯುತ್ತೇನೆ, ಇಷ್ಟು ದುಡ್ಡು ಕೊಡಿ ಎಂದು ಕರಾರು ಬರೆದುಕೊಟ್ಟರೆ ಅದು ಕರಾರೇ ಅಲ್ಲ. 1872ರ ಕರಾರು ಕಾಯ್ದೆಯ 11ನೇ ಕಲಮು ಕರಾರು ಮಾಡಿಕೊಳ್ಳುವ ಅರ್ಹತೆಯನ್ನು ವಯಸ್ಸಿಗೆ ಬಂದವರಿಗೆ ಮಾತ್ರ ಕೊಡುತ್ತದೆ.

ಮೈನರ್ ಮಾಡಿದ ಕರಾರು ಆಮೇಲೆ ಬೇಕಾದರೆ ರದ್ದು ಮಾಡಿಕೊಳ್ಳುವಂಥದ್ದೋ ಅಥವಾ ಹುಟ್ಟುವಾಗಲೇ ಸತ್ತದ್ದೋ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿರಲಿಲ್ಲ. 1895ರಲ್ಲಿ ಕಲಕತ್ತೆಯ ಧರ್ಮದಾಸ್ ಘೋಷ್ ಎಂಬ ಮೈನರ್ 20,000 ರೂಪಾಯಿ ಸಾಲಕ್ಕೆ ಆಸ್ತಿ ಅಡವಿಟ್ಟ. ಸಾಲ ಕೊಟ್ಟವನ ಕಡೆಯ ವಕೀಲನಿಗೆ ಹುಡುಗನ ವಯಸ್ಸು ಗೊತ್ತಿತ್ತು. ಮೊದಲೇ ತಾಯಿಯ ಕಡೆಯಿಂದ ನೋಟಿಸೂ ಹೋಗಿತ್ತು. 1903ರಲ್ಲಿ ಪ್ರಿವಿ ಕೌನ್ಸಿಲ್, ಆ ಅಡಮಾನ ಮೊದಲಿನಿಂದಲೂ ಅಸಿಂಧು, ಕೊಟ್ಟ ದುಡ್ಡನ್ನೂ ಹಿಂದಿರುಗಿಸಬೇಕಿಲ್ಲ ಎಂದಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ನ್ಯಾಯಾಲಯಗಳು ಹಿಡಿದಿರುವುದು ಆ ದಾರಿಯನ್ನೇ.

ಈ ಬಿಗಿಗೆ ಕಾರಣವಿದೆ. ಪ್ರಾಮಿಸರಿ ನೋಟಿನ ಮೇಲೆ ಊರಿನ ಅರ್ಧ ವ್ಯವಹಾರ ನಡೆಯುವ ಕಡೆ, ಅಪ್ಪನಿಲ್ಲದ ಹುಡುಗನಿಂದ ಸಹಿ ಹಾಕಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಸಹಿ ಮಾಡಿಸಿಕೊಂಡರೂ ಪ್ರಯೋಜನವಿಲ್ಲ ಎಂದು ಗೊತ್ತಿದ್ದರೆ ಸಾಲ ಕೊಡುವವನು ಆ ಮನೆಯ ಕಡೆ ಸುಳಿಯುವುದಿಲ್ಲ. ‘ಒಳಿತಿನ ಕರಾರು, ಕೆಡುಕಿನ ಕರಾರು’ ಎಂದು ಒಂದೊಂದನ್ನೂ ತೂಗುತ್ತ ಕೂತರೆ ಆ ಭಯ ಹೋಗುತ್ತದೆ, ಲಾಭ ವಕೀಲರಿಗೆ.

ಇನ್ನೊಂದು ಕಡೆಯ ಮಾತಿಗೆ ರಾಜ್ ರಾಣಿ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮೈನರ್ ನಟಿಯ ಪರವಾಗಿ ಆಕೆಯ ತಂದೆ ಚಿತ್ರ ನಿರ್ಮಾಪಕ ಪ್ರೇಮ್ ಅದೀಬ್ ಜೊತೆ ಒಂದು ವರ್ಷಕ್ಕೆ 9,500 ರೂಪಾಯಿಯ ಒಪ್ಪಂದ ಮಾಡಿಕೊಂಡಿದ್ದರು. ನಿರ್ಮಾಪಕ ಮಾತು ಮುರಿದಾಗ ಆಕೆ ದಾವೆ ಹೂಡಿದಳು. ಬಾಂಬೆ ಹೈಕೋರ್ಟು ಕೊಟ್ಟ ಉತ್ತರ: ನೀನು ಮೈನರ್, ಕರಾರೇ ಇಲ್ಲ, ಪರಿಹಾರವೂ ಇಲ್ಲ. ಆಕೆಯನ್ನು ಕಾಯಲೆಂದು ಇದ್ದ ನಿಯಮ ನಿರ್ಮಾಪಕನನ್ನು ಕಾಯಿತು.

ಇದಕ್ಕೆ ಮದ್ದು ನಮ್ಮ ಹಳೆಯ ಮದರಾಸು ಹೈಕೋರ್ಟಿನಲ್ಲೇ ಇತ್ತು. ಕೋಸಿಗಿ, ಕೌತಾಳಂ ಸೀಮೆಯ ಆದವಾನಿ ಆಗ ಬಳ್ಳಾರಿ ಜಿಲ್ಲೆಯ ತಾಲೂಕು, ಮದರಾಸು ಪ್ರಾಂತ್ಯಕ್ಕೆ ಸೇರಿದ್ದು. ಆಂಧ್ರಕ್ಕೆ ಹೋದದ್ದು 1953ರ ಅಕ್ಟೋಬರ್ 1ರಂದು. ಆ ಹೈಕೋರ್ಟಿನ ಪೂರ್ಣಪೀಠ 1916ರಲ್ಲಿ, ಮೈನರ್ ತನ್ನ ದುಡ್ಡು ಕೊಟ್ಟು ಅಡಮಾನ ಬರೆಸಿಕೊಂಡಿದ್ದರೆ ಅದನ್ನು ಜಾರಿ ಮಾಡಿಸಬಹುದು ಎಂದಿತ್ತು. ಅಂದರೆ ಮೈನರ್ ತನ್ನ ಪಾಲಿನದನ್ನು ಆಗಲೇ ಕೊಟ್ಟು ಮುಗಿಸಿದ್ದರೆ ಎದುರಿನವನು ವಯಸ್ಸಿನ ನೆಪ ಹೇಳಿ ಜಾರಿಕೊಳ್ಳುವಂತಿಲ್ಲ. ದುಡ್ಡು ಕೊಟ್ಟವನಿಗೆ ಸಿಕ್ಕ ಈ ರಕ್ಷಣೆ ಬೆವರು ಕೊಟ್ಟವನಿಗೂ ಅಷ್ಟೇ ಸ್ಪಷ್ಟವಾಗಿ ಸಿಗಬೇಕು ಎಂಬುದು ನನ್ನ ವಾದ. ಕನಿಷ್ಠ ಕೂಲಿ ಕಾನೂನಿನಿಂದ ಬರುವ ಹಕ್ಕು, ನಿಜ; ಅದಕ್ಕಿಂತ ಹೆಚ್ಚಿಗೆ ಒಪ್ಪಿಕೊಂಡ ಕೂಲಿ ಮಾತ್ರ ಕರಾರಿನಿಂದಲೇ ಬರಬೇಕು.

ಆದರೆ ಕರ್ನೂಲು ಜಿಲ್ಲೆಯ ಹೈಬ್ರಿಡ್ ಹತ್ತಿ ಬೀಜದ ಹೊಲಗಳನ್ನು ಬಲ್ಲವರು ಈ ವಾದಕ್ಕೆ ತಲೆಯಾಡಿಸುವುದಿಲ್ಲ. ಅಲ್ಲಿ ಸಂಜೆ ಹೊತ್ತು ಮರುದಿನ ಅರಳಬೇಕಾದ ಮೊಗ್ಗಿನ ಗಂಡು ಭಾಗವನ್ನು ಉಗುರಿನಿಂದ ಕಿತ್ತು ಗುರುತು ಮಾಡಬೇಕು. ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದಕ್ಕೆ ಪರಾಗ ಸವರಬೇಕು. ಇದೇ ‘ಕ್ರಾಸಿಂಗ್’. ಗಿಡದಷ್ಟೇ ಎತ್ತರದ ಮಕ್ಕಳ, ಅದರಲ್ಲೂ ಹುಡುಗಿಯರ, ಸಣ್ಣ ಬೆರಳು ಇದಕ್ಕೆ ಒಗ್ಗುತ್ತದೆಂದು ವರ್ಷಾನುಗಟ್ಟಲೆ ಅವರನ್ನೇ ಹಚ್ಚಿದರು. ಹಂಗಾಮಿಗೆ ಮೊದಲೇ ಮುಂಗಡ ಕೊಡುತ್ತಿದ್ದದ್ದು ಅಪ್ಪ ಅಮ್ಮನ ಕೈಗೆ. ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ. ಇಂಥದ್ದನ್ನು ತಡೆಯಲು 1933ರಲ್ಲೇ ಮಕ್ಕಳ ದುಡಿಮೆ ಅಡವಿಡುವುದನ್ನು ನಿಷೇಧಿಸುವ ಕಾಯ್ದೆ ಬಂದಿತ್ತು. ಹದಿನೈದು ತುಂಬದ ಮಗುವಿನ ದುಡಿಮೆಯನ್ನು ಹೆತ್ತವರು ದುಡ್ಡಿಗೆ ಒತ್ತೆಯಿಟ್ಟರೆ ಆ ಒಪ್ಪಂದ ಅಸಿಂಧು ಎಂದಿತು ಅದು. ದಂಡ ಮಾತ್ರ ಹೆತ್ತವರಿಗೆ ಹೆಚ್ಚೆಂದರೆ 50 ರೂಪಾಯಿ, ದುಡಿಸಿಕೊಂಡವನಿಗೆ 200. ನ್ಯಾಯವಾದ ಕೂಲಿಯಿದ್ದು, ವಾರದ ನೋಟಿಸಿನಲ್ಲಿ ಬಿಡಿಸಿಕೊಳ್ಳಬಹುದಾದ, ಮಗುವಿಗೆ ಹಾನಿಯಿಲ್ಲದ ಒಪ್ಪಂದಕ್ಕೆ ವಿನಾಯಿತಿಯನ್ನೂ ಇಟ್ಟಿತ್ತು. ಹೊಲದ ದಂಡೆಯಲ್ಲಿ ನಿಂತು ನೋಡಿದರೆ ಆ ವಿನಾಯಿತಿಯೂ ಒತ್ತೆಯೂ ಒಂದೇ ಥರ ಕಾಣುತ್ತವೆ. ಹದಿನಾರರವರ ಕರಾರಿಗೆ ಬಲ ಕೊಟ್ಟರೆ ಹನ್ನೆರಡರವರನ್ನೂ ಹದಿನಾರು ಎಂದು ಬರೆಸುತ್ತಾರೆ ಎಂಬ ಅಂಜಿಕೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಅದಕ್ಕೇ ನನ್ನ ವಾದಕ್ಕೆ ಒಂದು ಮಿತಿ: ದುಡಿದು ಮುಗಿಸಿದ್ದಕ್ಕೆ ವಸೂಲಿಯ ಹಕ್ಕಿರಲಿ, ಮುಂದೆ ದುಡಿಯುತ್ತೇನೆಂಬ ಮಾತು ಯಾರನ್ನೂ ಕಟ್ಟಿಹಾಕದಿರಲಿ.

ಬುದ್ಧಿ ಸ್ಥಿಮಿತವಿಲ್ಲದವರ ವಿಷಯದಲ್ಲಿ 1872ರ ಕಾಯ್ದೆ ಇಷ್ಟು ಕಟುವಾಗಿರಲಿಲ್ಲ. ಆಗಾಗ ಮನಸ್ಸು ತಿಳಿಯಾಗುವವನು ಆ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು 12ನೇ ಕಲಮು ಅಂದೇ ಒಪ್ಪಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಎಲ್ಲವನ್ನೂ ತಾನೇ ತೀರ್ಮಾನಿಸುವ ಪಾಲಕನ ಬದಲು ಜೊತೆಗೆ ಕೂತು ತೀರ್ಮಾನಿಸುವ ಸೀಮಿತ ಪಾಲಕನನ್ನು ತಂದಿತು. ಒಳ್ಳೆಯದೇ. ಆದರೆ ಮರೆವಿನ ರೋಗ ಹಿಡಿದ ಮುದುಕನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತಂದು ಹೆಬ್ಬೆಟ್ಟು ಒತ್ತಿಸುವ ಮಕ್ಕಳಿಗೂ ‘ಜೊತೆಗೆ ಕೂರುವುದು’ ಬರುತ್ತದೆ.

ಮತ್ತೆ ಮೈನರ್ ವಿಷಯಕ್ಕೆ ಬಂದರೆ, ಹೆಚ್ಚು ತಂಟೆ ಇರುವುದು ಜಮೀನಿನಲ್ಲಿ. ಕೂಡುಕುಟುಂಬದ ಆಸ್ತಿಯಾದರೆ ಯಜಮಾನ ಮನೆಯ ಅಗತ್ಯಕ್ಕಾಗಿ ಮೈನರ್ ಪಾಲನ್ನೂ ಸೇರಿಸಿ ಮಾರಬಹುದು. ಮಗನ ಹೆಸರಿನಲ್ಲೇ ಪ್ರತ್ಯೇಕವಾಗಿರುವ ಆಸ್ತಿಯಾದರೆ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಯ ಪ್ರಕಾರ ಹೆತ್ತ ತಂದೆಗೂ ಕೋರ್ಟಿನ ಅನುಮತಿ ಬೇಕು. ಅದನ್ನು ಕೊಡಬೇಕಾದದ್ದು ಜಮೀನು ಇರುವ ಕಡೆಯ ನ್ಯಾಯಾಲಯ. ಸಿರುಗುಪ್ಪಕ್ಕೋ ಬಳ್ಳಾರಿಗೋ ಬಂದು ನೆಲೆಸಿದ ಮನೆಯವರು ಆಲೂರು ಕಡೆಯ ನಾಲ್ಕು ಎಕರೆ ಮಾರಬೇಕೆಂದರೆ ಗಡಿ ದಾಟಿ ತೆಲುಗು ಕಾಗದಪತ್ರಗಳ ನಡುವೆ ಅರ್ಜಿ ಹಾಕಬೇಕು. ಮಗಳ ಆಪರೇಷನ್ನಿಗೆ ದುಡ್ಡು ಬೇಕಾದವನಿಗೆ ಅಷ್ಟು ವ್ಯವಧಾನವಿರುವುದಿಲ್ಲ, ಅನುಮತಿಯಿಲ್ಲದೆ ಮಾರುತ್ತಾನೆ. ದಾವಣಗೆರೆಯ ಶಾಮನೂರಿನಲ್ಲಿ 1971ರಲ್ಲಿ ತಂದೆಯೊಬ್ಬರು ಮೈನರ್ ಮಕ್ಕಳ ಹೆಸರಿನಲ್ಲಿ ಕೊಂಡು, ಆಮೇಲೆ ಅನುಮತಿಯಿಲ್ಲದೆ ಮಾರಿದ ನಿವೇಶನಗಳ ವ್ಯಾಜ್ಯ 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಮಕ್ಕಳು ವಯಸ್ಸಿಗೆ ಬಂದಮೇಲೆ ಆ ಕ್ರಯವನ್ನು ರದ್ದುಪಡಿಸಲು ದಾವೆಯನ್ನೇ ಹೂಡಬೇಕಿಲ್ಲ, ಬೇರೆಯವರಿಗೆ ಮಾರಿದರೆ ಅದೇ ನಿರಾಕರಣೆ ಎಂದಿತು ಕೋರ್ಟು.

ಮಕ್ಕಳ ಆಸ್ತಿ ಉಳಿಯಬೇಕು, ಸರಿ. ಆದರೆ ದಾವೆ ಇಲ್ಲವೆಂದರೆ ಕೊಂಡವನಿಗೆ ಸುಳಿವೂ ಇಲ್ಲ. ಸಾಲ ಮಾಡಿ ಜಮೀನು ಕೊಂಡ ರೈತನಿಗೆ ವಿಷಯ ತಿಳಿಯುವುದು ಎರಡನೆಯ ಖರೀದಿದಾರ ಬಂದು ಬದುವಿನ ಮೇಲೆ ನಿಂತಾಗಲೇ. ಅನುಮತಿ ಪತ್ರ ಲಗತ್ತಿಸದೆ ಇಂಥ ಕ್ರಯಪತ್ರ ರಿಜಿಸ್ಟ್ರಿಯೇ ಆಗದಂತೆ ನೋಡಿಕೊಂಡು, ಆ ಅನುಮತಿಯ ಅರ್ಜಿಯನ್ನು ತಾಲೂಕು ಮಟ್ಟದ ಕೋರ್ಟಿನಲ್ಲೇ ತಿಂಗಳೊಳಗೆ ಇತ್ಯರ್ಥ ಮಾಡಿದರೆ, ಮಾರುವ ತಂದೆಗೆ ಕಳ್ಳದಾರಿ ಹಿಡಿಯುವ ಕಾರಣವೂ ಉಳಿಯುವುದಿಲ್ಲ, ಕೊಂಡವನ ದುಡ್ಡೂ ಮುಳುಗುವುದಿಲ್ಲ.