ರಾಜನ್ ಬಾಲ ಮತ್ತು ನಮ್ಮ ಹೋಬಳಿ ಆಟ

ಕ್ರಿಕೆಟ್ ಬರಹಗಾರ ರಾಜನ್ ಬಾಲ ಅವರು 2009ರ ಅಕ್ಟೋಬರ್ 9ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಇಂಡಿಯನ್ ಎಕ್ಸ್‌ಪ್ರೆಸ್, ಹಿಂದೂ, ಡೆಕ್ಕನ್ ಹೆರಾಲ್ಡ್ ಮೊದಲಾದ ಪತ್ರಿಕೆಗಳಲ್ಲಿ ದುಡಿದವರು. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಹುಳಿಯಾರು ಬಸ್‌ಸ್ಟ್ಯಾಂಡಿನಲ್ಲಿ ಅವರ ಹೆಸರೆತ್ತಿದರೆ "ಯಾರ್ರೀ ಅವ್ರು?" ಅನ್ನುವವರೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಯಾರ ಕುರಿತು ಬರೆದರೋ ಆ ಚಂದ್ರಶೇಖರ್, ಪ್ರಸನ್ನ, ವಿಶ್ವನಾಥ್ ಈ ತೆಂಗಿನ ಸೀಮೆಗೆ ಟ್ರಾನ್ಸಿಸ್ಟರ್ ಕಾಲದಿಂದಲೂ ಮನೆಮಾತು.

1993ರಲ್ಲಿ ರಾಜನ್ ಬಾಲ ಚಂದ್ರಶೇಖರ್ ಅವರ ಜೀವನ ಚರಿತ್ರೆ ಬರೆದರು. ಹೆಸರು 'ದಿ ವಿನ್ನಿಂಗ್ ಹ್ಯಾಂಡ್'. ಮೈಸೂರಿನ ಹುಡುಗ, ಚಿಕ್ಕಂದಿನಲ್ಲೇ ಪೋಲಿಯೋ ಬಂದು ಬಲಗೈ ಸೊರಗಿತ್ತು. ಫೀಲ್ಡಿಂಗ್‌ನಲ್ಲಿ ಚೆಂಡೆಸೆಯಲು ಎಡಗೈಯೇ ಬೇಕು; ಬೌಲಿಂಗ್ ಮಾತ್ರ ಆ ಸೊರಗಿದ ಕೈಯಲ್ಲೇ! 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಗೆಲುವು ತಂದದ್ದು ಅದೇ ಕೈ. 58 ಟೆಸ್ಟ್‌ಗಳಲ್ಲಿ 242 ವಿಕೆಟ್, ಬ್ಯಾಟಿನಿಂದ ಬಂದದ್ದು 167 ರನ್. ಈ ಅಂಕಿಗಳು ಯಾವ ಪಟ್ಟಿಯಲ್ಲಾದರೂ ಸಿಕ್ಕಾವು. ಆ ಕೈಯ ಕಥೆ ಹೇಳಲು ಆಟ ಬಲ್ಲವನೊಬ್ಬ ಕೂತು ಬರೆಯಬೇಕಾಯಿತು. 2004ರಲ್ಲಿ ಬಂದ 'ದಿ ಕವರ್ಸ್ ಆರ್ ಆಫ್' ಪುಸ್ತಕದಲ್ಲಿ ಅವರು ಭಾರತದ ಕ್ರಿಕೆಟ್ಟನ್ನು ಸಮಾಜದ ಚರಿತ್ರೆಯಾಗಿಯೇ ನೋಡಿದರು. ತಾಂತ್ರಿಕ ವಿಷಯದಲ್ಲಿ ಗಟ್ಟಿಗರು, ಮಾತಿನಲ್ಲಿ ನೇರ. ಕೆಲವರಿಗೆ ಹಿಡಿಸಲಿಲ್ಲ ಅಂದರೆ ಆಶ್ಚರ್ಯವಿಲ್ಲ.

ಇತ್ತ ನಮ್ಮ ಹೋಬಳಿ ಮಟ್ಟದ ಕ್ರೀಡಾಕೂಟದ ವರದಿ ಹೇಗಿರುತ್ತದೆ ನೋಡಿ. ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ವೇದಿಕೆಯಲ್ಲಿ ಯಾರ್ಯಾರು ಉಪಸ್ಥಿತರಿದ್ದರು, ಸ್ವಾಗತ ಯಾರು, ವಂದನಾರ್ಪಣೆ ಯಾರು. ಕ್ರೀಡೆಯಿಂದ ದೇಹಕ್ಕೂ ಮನಸ್ಸಿಗೂ ಆರೋಗ್ಯ ಎಂಬ ಭಾಷಣ ಬೇರೆ. ಗೆದ್ದ ತಂಡದ ಹೆಸರು ಕೊನೇ ಸಾಲಿನಲ್ಲಿ, ಅದೂ ಜಾಗ ಉಳಿದರೆ. ಬಿಸಿಲಲ್ಲಿ ಕಂಬ ಹಿಡಿದು ತಿರುಗಿ ಖೋ ತಪ್ಪಿಸಿಕೊಂಡ ಹುಡುಗಿ ಯಾವ ಊರಿನವಳು? ಕೊನೇ ರೈಡಿನಲ್ಲಿ ಗೆರೆ ಮುಟ್ಟಿದ ಹುಡುಗ ಯಾರ ಪಟ್ಟಿನಿಂದ ಬಿಡಿಸಿಕೊಂಡ? ಅದನ್ನು ಬರೆಯುವವರಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅಂಥವರು ಆಕಾಶದಿಂದ ಇಳಿಯುವುದಿಲ್ಲ, ಹಳ್ಳಿ ಶಾಲೆಯ ಅಂಗಳದಿಂದಲೇ ಬರುತ್ತಾರೆ. ಆ ಅಂಗಳದ ಮೊದಲ ಪಂದ್ಯದ ವಿವರ ಹುಡುಕಿದರೆ ಎಷ್ಟು ಕಡೆ ಸಿಕ್ಕೀತು? ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ವರ್ಷದ ಹೊತ್ತಿಗೆ ಕೊಬ್ಬರಿಯಾಗಿ ಕೈಗೆ ಬರುತ್ತದೆ. ಆಟ ಹಾಗಲ್ಲ, ಅಂದೇ ಬರೆಯದಿದ್ದರೆ ಹೋಯ್ತು.

ಇದಕ್ಕೆ ಇಂಗ್ಲಿಷೂ ಬೇಡ, ದೊಡ್ಡ ಪತ್ರಿಕೆಯೂ ಬೇಡ. ವರದಿ ಕಳಿಸುವವರು ಶಾಮಿಯಾನದ ನೆರಳು ಬಿಟ್ಟು ಅಂಕಣದ ಗೆರೆ ಪಕ್ಕ ನಿಲ್ಲಲಿ. ದೈಹಿಕ ಶಿಕ್ಷಕರು ಅಂಕಪಟ್ಟಿಯ ಜೊತೆ ಆಟಗಾರರ ಪೂರ್ತಿ ಹೆಸರು, ಊರು ಬರೆದು ಕೊಡಲಿ. ಮುಂದಿನ ಹೋಬಳಿ ಕೂಟದ ವರದಿಯಲ್ಲಿ ಮೊದಲು ಆಡಿದ ಮಕ್ಕಳ ಹೆಸರು ಬರಲಿ. ಜಾಗ ಉಳಿದರೆ ಅಧ್ಯಕ್ಷರದ್ದು ಹಾಕೋಣ.