ಅರವತ್ತನೆಯ ದಿನದ ಗಂಟೆ

"ಪೊಲೀಸರು ಚಾರ್ಜ್‌ಶೀಟ್ ಹಾಕಲು ತಡಮಾಡಿದರಂತೆ. ಅಷ್ಟಕ್ಕೇ ಆ ಕಳ್ಳನಿಗೆ ಜಾಮೀನು ಕೊಟ್ಟುಬಿಟ್ಟರಂತೆ. ಇದೆಂಥ ಕಾನೂನು ಮೇಷ್ಟ್ರೇ?" ಹೀಗೆ ನನ್ನನ್ನು ಕೇಳುವವರಲ್ಲಿ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ಬಂಧುಗಳೂ ಇದ್ದಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವ ಬದಲು ಇಲ್ಲಿ ಒಮ್ಮೆಗೇ ಬರೆಯುತ್ತಿದ್ದೇನೆ. ನನ್ನ ಉತ್ತರ ಕೆಲವರಿಗೆ ರುಚಿಸದಿರಬಹುದು.

ಮೊದಲಿಗೆ ಶಬ್ದಾರ್ಥದ ವಿಚಾರ. ಆರೋಪಿ ಬೇರೆ, ಅಪರಾಧಿ ಬೇರೆ. ಚಾರ್ಜ್‌ಶೀಟ್ ಕೂಡ ಸಲ್ಲಿಕೆಯಾಗದ ಮನುಷ್ಯನನ್ನು 'ಕಳ್ಳ' ಎಂದು ಕರೆಯುವವರು ನ್ಯಾಯಾಧೀಶರ ಪೀಠವನ್ನು ತಾವೇ ಏರಿ ಕುಳಿತಂತಾಯಿತು.

ಇನ್ನು ಕಾನೂನಿನ ವಿಚಾರ. ಬಂಧಿಸಿದ 24 ಗಂಟೆಗಳೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಅಲ್ಲಿಂದ ಮುಂದೆ ತನಿಖೆ ನಡೆಯುತ್ತಿರುವಾಗ ಅವನನ್ನು ಎಷ್ಟು ದಿನ ಸೆರೆಯಲ್ಲಿಡಬಹುದು? 1973ರ ದಂಡ ಪ್ರಕ್ರಿಯಾ ಸಂಹಿತೆಯು ಇದಕ್ಕೆ 60 ದಿನಗಳ ಮಿತಿ ಹಾಕಿತು. 1978ರ ತಿದ್ದುಪಡಿಯು ಮರಣದಂಡನೆ, ಜೀವಾವಧಿ ಮುಂತಾದ ಘೋರ ಶಿಕ್ಷೆಯ ಪ್ರಕರಣಗಳಿಗೆ ಅದನ್ನು 90 ದಿನಗಳಿಗೆ ಏರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೆಯ ಕಲಮಿನಲ್ಲಿಯೂ ಇವೇ ಅವಧಿಗಳಿವೆ. ಅಷ್ಟರೊಳಗೆ ಚಾರ್ಜ್‌ಶೀಟ್ ಸಲ್ಲಿಸದಿದ್ದರೆ, ಆರೋಪಿಯು ಜಾಮೀನು ಒದಗಿಸಲು ಸಿದ್ಧನಿದ್ದಲ್ಲಿ ಅವನನ್ನು ಬಿಡಲೇಬೇಕು. ವಕೀಲರು ಇದನ್ನು ಡಿಫಾಲ್ಟ್ ಬೇಲ್ ಎನ್ನುತ್ತಾರೆ. ಇದು ಸಂವಿಧಾನದ 21ನೆಯ ವಿಧಿಗೆ ಸೇರಿದ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಬಿಕ್ರಮ್‌ಜಿತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇದನ್ನು 'ತಾಂತ್ರಿಕ ಕಾರಣ' ಎಂದು ಮೂಗು ಮುರಿಯುವವರಿಗೆ ಒಂದು ಪ್ರಶ್ನೆ. ಪರೀಕ್ಷೆಯ ಕೊನೆಯ ಗಂಟೆ ಬಾರಿಸಿದ ಮೇಲೆ ನಾನು ಯಾರಿಗಾದರೂ ಬರೆಯಲು ಬಿಟ್ಟದ್ದುಂಟೇ? ಹದಿನೈದು ವರ್ಷದ ಮಕ್ಕಳಿಗೆ ಅನ್ವಯಿಸಿದ ಶಿಸ್ತು ಠಾಣೆ, ಬಂದೂಕು, ಪ್ರಯೋಗಾಲಯಗಳನ್ನೆಲ್ಲ ಹೊಂದಿರುವ ಸರ್ಕಾರಕ್ಕೆ ಏಕೆ ಅನ್ವಯಿಸಬಾರದು? ಇಲ್ಲಿ ಪರೀಕ್ಷೆಗೆ ಕುಳಿತವನು ಆರೋಪಿಯಲ್ಲ, ತನಿಖಾಧಿಕಾರಿ. ಅವನ ವಿಳಂಬದ ಬೆಲೆಯನ್ನು ಇನ್ನೊಬ್ಬನು ಜೈಲಿನಲ್ಲಿ ಕುಳಿತು ತೆರಬೇಕೆನ್ನುವುದು ಯಾವ ನ್ಯಾಯ?

"ಘೋರ ಅಪರಾಧಗಳ ತನಿಖೆಗೆ ಕಾಲ ಬೇಡವೇ?" ಎನ್ನುತ್ತೀರಿ. ಬೇಕು, ಕಾನೂನು ಕೊಟ್ಟೂ ಇದೆ. ಚಾರ್ಜ್‌ಶೀಟ್ ಸಲ್ಲಿಸಿದ ಮೇಲೂ ಹೆಚ್ಚಿನ ತನಿಖೆ ನಡೆಸಬಹುದು. ಯು.ಎ.ಪಿ.ಎ. ಕಾಯ್ದೆಯಲ್ಲಿ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಡಿಫಾಲ್ಟ್ ಬೇಲ್ ಎಂದರೆ ಖುಲಾಸೆಯೂ ಅಲ್ಲ. ಮೊಕದ್ದಮೆ ಮುಂದುವರಿಯುತ್ತದೆ, ಅಪರಾಧ ಸಾಬೀತಾದರೆ ಶಿಕ್ಷೆಯೂ ಆಗುತ್ತದೆ. ವಿಶೇಷ ಹಾಗೂ ಬಲವಾದ ಕಾರಣಗಳಿದ್ದರೆ ಜಾಮೀನನ್ನು ರದ್ದುಪಡಿಸಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಿರುವಾಗ ಭಯವೇತಕ್ಕೆ?

ನನ್ನ ನಿಜವಾದ ತಕರಾರು ಬೇರೆಯೇ ಇದೆ. ಈ ಹಕ್ಕು ಅತಿಯಾಯಿತೆಂದು ನೀವು ದೂರುತ್ತೀರಿ. ಸಾಲದಾಯಿತೆಂದು ನಾನು ದೂರುತ್ತೇನೆ. ಏಕೆಂದರೆ ಅವಧಿ ಮುಗಿದೊಡನೆ ಸೆರೆಮನೆಯ ಬಾಗಿಲು ತಾನಾಗಿ ತೆರೆಯುವುದಿಲ್ಲ. ಆರೋಪಿಯು ಕೇಳಬೇಕು, ಅದೂ ಚಾರ್ಜ್‌ಶೀಟ್ ಬರುವುದಕ್ಕೆ ಮುಂಚೆ ಕೇಳಬೇಕು. ಆಮೇಲೆ ಕೇಳಿದರೆ ಹಕ್ಕು ಹೋಯಿತು. 1994ರ ಸಂಜಯ್ ದತ್ ಪ್ರಕರಣದಿಂದ ಈ ನಿಯಮ ಗಟ್ಟಿಯಾಗಿದೆ. ಭೀಮಾ ಕೋರೆಗಾಂವ್ ಪ್ರಕರಣವನ್ನೇ ನೋಡಿ. 2018ರ ಆಗಸ್ಟ್‌ನಲ್ಲಿ ಬಂಧಿತರಾದ ವಕೀಲೆ ಸುಧಾ ಭಾರದ್ವಾಜ್ ಅವರಿಗೆ ಬಾಂಬೆ ಹೈಕೋರ್ಟು 2021ರ ಡಿಸೆಂಬರ್‌ನಲ್ಲಿ ಡಿಫಾಲ್ಟ್ ಬೇಲ್ ನೀಡಿತು. ಅವಧಿ ವಿಸ್ತರಿಸಿದ ನ್ಯಾಯಾಲಯಕ್ಕೆ ಆ ಅಧಿಕಾರವೇ ಇರಲಿಲ್ಲವೆಂಬುದು ಕಾರಣ. ಅದೇ ದಿನ ಇತರ ಎಂಟು ಮಂದಿಗೆ ಅದು ದೊರೆಯಲಿಲ್ಲ. ಅವರು ಸಕಾಲದಲ್ಲಿ ಅರ್ಜಿ ಹಾಕಿರಲಿಲ್ಲವೆಂದು ನ್ಯಾಯಾಲಯ ಹೇಳಿತು. ಸುಶಿಕ್ಷಿತರ ಗತಿಯೇ ಹೀಗಾದರೆ ಹೆಬ್ಬೆಟ್ಟಿನವರ ಪಾಡೇನು?

ಆ ಪಾಡನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ಒಬ್ಬ ಹುಡುಗ ಮುಂದೆ ಒಂದು ಗೋದಾಮಿನಲ್ಲಿ ಕೂಲಿಗಿದ್ದ. ಮಾಲು ಕಳುವಾಯಿತೆಂದು ಅವನನ್ನು ಹಿಡಿದರು. ಚಾರ್ಜ್‌ಶೀಟ್ ಬಂದದ್ದು 71ನೆಯ ದಿನ. ನಡುವಿನ ಹನ್ನೊಂದು ದಿನಗಳಲ್ಲಿ ಯಾವತ್ತು ಬೇಕಾದರೂ ಅವನು ಹಕ್ಕಿನಿಂದ ಹೊರಗೆ ಬರಬಹುದಿತ್ತು. ಅದನ್ನು ಅವನಿಗೆ ಒಬ್ಬರೂ ಹೇಳಲಿಲ್ಲ. ಸಾಮಾನ್ಯ ಜಾಮೀನು ದೊರೆಯಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನ ಹೆಂಡತಿ ಇದ್ದೊಂದು ಹಸುವನ್ನು ಮಾರಿದ್ದಳು, ಮಗಳು ಶಾಲೆ ಬಿಟ್ಟಿದ್ದಳು.

ಹೇಳುವ ಹೊಣೆ ಯಾರದು? ಬಿಹಾರದ ವಿಚಾರಣಾಧೀನ ಕೈದಿಗಳ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು 1979ರಲ್ಲೇ ಹೇಳಿದೆ: ಅವಧಿ ತುಂಬಿದ ಕೈದಿಯ ಬಂಧನವನ್ನು ಮುಂದುವರಿಸುವ ಮೊದಲು, ಜಾಮೀನು ಅವನ ಹಕ್ಕೆಂಬುದನ್ನು ಮ್ಯಾಜಿಸ್ಟ್ರೇಟರೇ ಅವನಿಗೆ ತಿಳಿಸಬೇಕು. 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು, ಬಾಯಿಮಾತಿನಲ್ಲಿ ಕೇಳಿದರೂ ಸಾಕೆಂದಿತು. ತೀರ್ಪುಗಳಿಗೆ ಬರವಿಲ್ಲ, ಆ ಹುಡುಗನಿಗೆ ಮಾತ್ರ ಅವು ಮುಟ್ಟಲಿಲ್ಲ. ಆದ್ದರಿಂದ ನನ್ನ ವಾದವಿಷ್ಟೆ: ಕೇಳದಿದ್ದರೆ ಇಲ್ಲವಾಗುವುದು ಹಕ್ಕಲ್ಲ, ಅದು ತಿಳಿದವರಿಗೆ ಮಾತ್ರ ಸಿಗುವ ಸವಲತ್ತು. ಅರ್ಜಿಗೆ ಕಾಯದೆ, ಅವಧಿ ಮುಗಿದ ದಿನವೇ ನ್ಯಾಯಾಲಯ ತಾನಾಗಿ ಜಾಮೀನಿನ ಆದೇಶ ಮಾಡುವಂತೆ ಕಾನೂನನ್ನು ತಿದ್ದಬೇಕು.

ಅಲ್ಲಿಯವರೆಗೆ ನಿಮ್ಮ ಕೆಲಸ ನೀವು ಮಾಡಿ. ಪೊಲೀಸ್ ಇಲಾಖೆಯಲ್ಲಿರುವವರೇ, ಗಂಟೆ ಬಾರಿಸುವ ಮುಂಚೆ ಉತ್ತರಪತ್ರಿಕೆ ಒಪ್ಪಿಸಿ. ವಕೀಲರಾದವರೇ, ಕಕ್ಷಿದಾರನು ಬಡವನಾದರೂ ದಿನ ಎಣಿಸಿ. ಎಣಿಕೆ ರಿಮ್ಯಾಂಡಿನ ದಿನದಿಂದಲೇ ಶುರುವಾಗುತ್ತದೆಂಬುದು ನೆನಪಿರಲಿ. ಉಳಿದವರು, ನಿಮ್ಮ ಊರಿನ ಯಾರಾದರೂ ಬಂಧನದಲ್ಲಿದ್ದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆಂದು ಅವರ ಮನೆಯವರಿಗೆ ತಿಳಿಸಿ. ಮಗ್ಗಿ ಕಲಿಸಿದ ಮೇಷ್ಟರಾಗಿ ಕೇಳುತ್ತಿದ್ದೇನೆ: ಅರವತ್ತರವರೆಗೆ ಎಣಿಸಲು ನಿಮಗೆಲ್ಲರಿಗೂ ಬರುತ್ತದಲ್ಲವೇ?