ಗಿರಾಕಿ ಇದ್ದ ನೀರು, ಗಿರಾಕಿ ಇಲ್ಲದ ನೀರು

ಹಳೆಯ ಮೈಸೂರು ಸಂಸ್ಥಾನದಲ್ಲಿ ಜಲವಿದ್ಯುತ್ತು ಹುಟ್ಟಿದ್ದೇ ಗಣಿಗಾಗಿ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಓಡಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಮೂರು ವರ್ಷ ತಡವಾಗಿ. ಕನ್ನಂಬಾಡಿ ಕಟ್ಟೆಗೆ ಹಣ ಕೇಳಿದಾಗಲೂ, ಬೇಸಗೆಯಲ್ಲಿ ಗಣಿಗೆ ಕರೆಂಟು ಕಡಿಮೆಯಾಗಬಾರದೆಂಬ ವಾದವೇ ಬಲವಾಗಿತ್ತು. ದುಡ್ಡು ಕೊಟ್ಟು ಕೊಳ್ಳುವವನಿದ್ದರೆ ಕಾಡೂ ಕಣಿವೆಯೂ ಅಡ್ಡಿಯಾಗುವುದಿಲ್ಲ.

ಉಡುಪಿ ಜಿಲ್ಲೆಯ ಸಾಸ್ತಾನ, ಬ್ರಹ್ಮಾವರದ ಕಡೆಯವರಿಗೆ ಇದು ವಾರಾಹಿ ನದಿಯಲ್ಲೇ ಕಾಣುತ್ತದೆ. ಘಟ್ಟದ ಮೇಲೆ ಮಾಣಿಯಲ್ಲಿ ಅಣೆಕಟ್ಟು, ಕೆಳಗೆ ಹೊಸಂಗಡಿಯ ಬಳಿ ಬೆಟ್ಟದ ಹೊಟ್ಟೆಯೊಳಗೆ ವಿದ್ಯುದಾಗಾರ. ನೀರು ನಾನ್ನೂರು ಮೀಟರಿಗೂ ಹೆಚ್ಚು ಎತ್ತರದಿಂದ ಬೀಳುತ್ತದೆ. ನಮ್ಮ ಮಳೆ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುವುದರಿಂದ ವರ್ಷವಿಡೀ ಟರ್ಬೈನ್ ತಿರುಗಲು ಅದನ್ನು ಹಿಡಿದಿಡಬೇಕು. ಹಿಡಿದಿಡುವ ಜಾಗವೋ, ದಟ್ಟ ಕಾಡು ಮತ್ತು ಯಾರದೋ ಅಡಿಕೆ ತೋಟ. ಮೊದಲೆರಡು ಘಟಕಗಳು 1990ರ ಹೊತ್ತಿಗೆ ಚಾಲೂ ಆದವು, ಇನ್ನೆರಡು 2009ರಲ್ಲಿ. ಒಟ್ಟು 460 ಮೆಗಾವ್ಯಾಟ್.

ಟರ್ಬೈನ್ ತಿರುಗಿಸಿ ಹೊರಬಿದ್ದ ಅದೇ ನೀರನ್ನು ಕಾಲುವೆಗೆ ಹಾಯಿಸಿ ಕುಂದಾಪುರ, ಉಡುಪಿ ತಾಲೂಕುಗಳ 15,702 ಹೆಕ್ಟೇರ್ ಗದ್ದೆಗೆ ಕೊಡುವ ಯೋಜನೆಗೆ 1979ರಲ್ಲೇ ಮಂಜೂರಾತಿ ಸಿಕ್ಕಿತ್ತು. ಅಂದಾಜು ವೆಚ್ಚ 9.43 ಕೋಟಿ ರೂಪಾಯಿ. ಅರಣ್ಯದ ಅನುಮತಿಗೆ, ಜಾಗಕ್ಕೆ, ಹಣಕ್ಕೆ ಕಾಯುತ್ತ ಖರ್ಚು ನೂರಾರು ಕೋಟಿಗೇರಿತು. ಎಡದಂಡೆಯ ಕಾಲುವೆಯಲ್ಲಿ ನೀರು ಕಂಡದ್ದು 2015ರಲ್ಲಿ. ಅಷ್ಟರಲ್ಲಿ ಬೇಸಗೆಯ ಕೊಳಕೆ ಭತ್ತ ಬೆಳೆಯುವ ಮನೆಗಳಲ್ಲಿ ಒಂದು ತಲೆಮಾರು ಬೇಸಾಯ ಬಿಟ್ಟು ಹೋಟೆಲಿಗೂ ಮುಂಬಯಿಗೂ ಹೋಗಿಯಾಗಿತ್ತು. ಬೆಟ್ಟ ಕೊರೆಯಲು ಬಂದ ಎಂಜಿನಿಯರಿಂಗು ಕಾಲುವೆ ತೋಡಲು ಬರಲಿಲ್ಲವೆಂದರೆ ನಂಬುವುದು ಕಷ್ಟ. ಗದ್ದೆಯವರು ಯೂನಿಟ್ಟಿನ ಲೆಕ್ಕದಲ್ಲಿ ಬಿಲ್ಲು ಕಟ್ಟುವವರಲ್ಲ, ಅಷ್ಟೆ.

ಹಾಗೆಂದು ಅಣೆಕಟ್ಟೇ ಬೇಡವೆನ್ನುವವನು ನಾನಲ್ಲ. ಸಾಸ್ತಾನಕ್ಕೆ ಹತ್ತಿರದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ, ಕೈಗಾ ಅಣುಸ್ಥಾವರ ವಿರೋಧದ ಆ ದಿನಗಳಲ್ಲಿ, ಪರಿಸರದ ಹೆಸರಿನಲ್ಲಿ ಲೋಕಸಭೆಗೆ ನಿಂತು ಸೋತರು. ಸೋತರೂ, ಯೋಜನೆಯ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಪ್ರಶ್ನೆ ಉಳಿದಿದೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿತು. ಮುಳುಗಡೆಯ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಸುತ್ತುತ್ತಿವೆ. ಅದೇ ಶರಾವತಿಯಲ್ಲಿ ಈಗ ನೀರನ್ನು ಮೇಲೆತ್ತಿ ಮತ್ತೆ ಕೆಳಗಿಳಿಸಿ ವಿದ್ಯುತ್ ತೆಗೆಯುವ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಅನುಮತಿ ಕೊಡುವವರು ಒಂದು ಷರತ್ತು ಬರೆಯಲಿ: ಹಳೆಯ ಹಕ್ಕುಪತ್ರಗಳು ಜನರ ಕೈ ಸೇರುವ ತನಕ ಹೊಸ ಟರ್ಬೈನ್ ತಿರುಗಕೂಡದು.